ಹೆಸರಿಲ್ಲದ ಕಾರ್ಬನ್ ಫ್ರೇಮ್: ಅಳೆದು ಕಟ್ಟುವ ಸೈಕಲ್

ನಮಸ್ಕಾರ. ಬ್ರಾಂಡಿಲ್ಲದ ಕಾರ್ಬನ್ ಫ್ರೇಮ್ ತಂದು ರೋಡ್ ಬೈಕ್ ಕಟ್ಟುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಬಂದವರಲ್ಲಿ ಮುಕ್ಕಾಲು ಪಾಲು ಜನರ ತಲೆಯಲ್ಲಿರುವುದು ಒಂದೇ ಪ್ರಶ್ನೆ. ತಗೋಬಹುದಾ, ಬೇಡವಾ? ಅದನ್ನು ಕೊನೆಗೆ ಇಟ್ಟುಕೊಂಡು ನಿಮ್ಮನ್ನು ಕಾಯಿಸುವುದಿಲ್ಲ. ತಗೋಬಹುದು. ಆದರೆ ಅಳತೆ ಮಾಡಲು ಬೇಜಾರು ಪಡುವವರು ತಗೋಬಾರದು. ಇವತ್ತಿನ ಮಾತೆಲ್ಲ ಆ ಎರಡನೆಯ ವಾಕ್ಯದ ಸುತ್ತಲೇ.

ಮೊದಲು ಈ ಫ್ರೇಮುಗಳು ಎಲ್ಲಿಂದ ಬರುತ್ತವೆ ಅಂತ ನೋಡೋಣ. ಫ್ರೇಮಿನ ಮೇಲೆ ಹೆಸರಿಲ್ಲ ಅಂದ ಮಾತ್ರಕ್ಕೆ ಅದನ್ನು ಯಾರೋ ಶೆಡ್ಡಿನಲ್ಲಿ ಕೂತು ಮಾಡಿದ್ದಾರೆ ಅಂತಲ್ಲ. ಪ್ರಪಂಚದ ಕಾರ್ಬನ್ ಫ್ರೇಮುಗಳಲ್ಲಿ ಬಹುಪಾಲು ತಯಾರಾಗುವುದು ಚೀನಾ ಮತ್ತು ತೈವಾನಿನಲ್ಲಿ. 1972ರಲ್ಲಿ ತೈವಾನಿನಲ್ಲಿ ಶುರುವಾದ ಜೈಂಟ್ ಕಂಪನಿ ಬೆಳೆದದ್ದೇ ಬೇರೆಯವರ ಹೆಸರಿಗೆ ಸೈಕಲ್ ಮಾಡಿಕೊಟ್ಟು. ಮಾಡುವವರು ಒಬ್ಬರು, ಹೆಸರು ಇನ್ನೊಬ್ಬರದು ಅನ್ನುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಕಾರ್ಬನ್ ಫ್ರೇಮಿಗೆ ಉಕ್ಕಿನ ಅಚ್ಚು ಬೇಕು. ಪ್ರತಿ ಸೈಜಿಗೂ ಬೇರೆ ಅಚ್ಚು. ದುಬಾರಿ ಕೆಲಸ. ದೊಡ್ಡ ಬ್ರಾಂಡುಗಳು ತಮ್ಮ ಡಿಸೈನಿಗೆ ತಾವೇ ಅಚ್ಚು ಮಾಡಿಸುತ್ತವೆ, ಅದರಲ್ಲಿ ಬೇರೆಯವರಿಗೆ ಫ್ರೇಮ್ ತೆಗೆಯುವಂತಿಲ್ಲ. ಇನ್ನು ಕೆಲವು ಅಚ್ಚುಗಳು ಕಾರ್ಖಾನೆಯವರ ಸ್ವಂತದ್ದು. ಅದರಲ್ಲಿ ಬಂದ ಫ್ರೇಮನ್ನು ಕೇಳಿದವರಿಗೆಲ್ಲ ಮಾರುತ್ತಾರೆ. ಓಪನ್ ಮೋಲ್ಡ್ ಅನ್ನುವುದು ಇದನ್ನೇ. ಒಂದು ಸಣ್ಣ ಬ್ರಾಂಡ್ ಅದನ್ನೇ ಕೊಂಡು, ಬಣ್ಣ ಬಳಿಸಿ, ಹೆಸರು ಬರೆಸಿದರೆ ಅದು ಬ್ರಾಂಡ್ ಫ್ರೇಮ್. ಬರೆಸದೆ ನಿಮ್ಮ ಮನೆಗೆ ಬಂದರೆ ಹೆಸರಿಲ್ಲದ ಫ್ರೇಮ್.

ಹಾಗಾದರೆ ಹೆಸರಿಗೆ ಯಾಕೆ ದುಡ್ಡು ಕೊಡಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಾಹೀರಾತು, ರೇಸ್ ತಂಡ, ಅಂಗಡಿಯ ಪಾಲು ಎಲ್ಲ ಅದರಲ್ಲಿ ಇರುತ್ತದೆ, ನಿಜ. ಆದರೆ ಒಳ್ಳೆಯ ಬ್ರಾಂಡ್ ಇನ್ನೊಂದು ಕೆಲಸಾನೂ ಮಾಡಿರುತ್ತದೆ. ಬಂದ ಫ್ರೇಮುಗಳಲ್ಲಿ ಕೆಲವನ್ನು ಎತ್ತಿಕೊಂಡು ಅಳೆದಿರುತ್ತದೆ. ಸರಿ ಇಲ್ಲದ್ದನ್ನು ವಾಪಸ್ ಕಳಿಸಿರುತ್ತದೆ. ಯಾವ ಬೇರಿಂಗ್, ಯಾವ ಆಕ್ಸಲ್, ಯಾವ ಹ್ಯಾಂಗರ್ (ಹಿಂದಿನ ಗೇರ್ ತೂಗುವ ತುಂಡು) ಅಂತ ಬರೆದಿಟ್ಟು, ನಾಲ್ಕು ವರ್ಷ ಬಿಟ್ಟು ಕೇಳಿದರೂ ಕೊಡುತ್ತದೆ. ಒಂದು ಕಂತಿನಲ್ಲಿ ದೋಷ ಕಂಡರೆ ಎಲ್ಲರಿಂದಲೂ ವಾಪಸ್ ತರಿಸಿಕೊಳ್ಳುತ್ತದೆ. ಹೆಸರು ಬೇಡ ಅಂದರೆ ಈ ಉಸಾಬರಿಯೆಲ್ಲ ನಿಮ್ಮ ತಲೆಗೆ ಬರುತ್ತದೆ.

ನಡುವೆ ಒಂದು ಮಾತು. ಹೆಸರಿಲ್ಲದ ಫ್ರೇಮ್ ಬೇರೆ, ಸುಳ್ಳು ಹೆಸರಿನ ಫ್ರೇಮ್ ಬೇರೆ. ದೊಡ್ಡ ಬ್ರಾಂಡಿನ ಅಕ್ಷರ ಬಳಿದು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಾರಲ್ಲ, ಅದರ ಹತ್ತಿರವೂ ಹೋಗಬೇಡಿ. ಹೊರಗಿನ ಹೆಸರಿನಲ್ಲೇ ಸುಳ್ಳು ಹೇಳುವವನು ಒಳಗಿನ ಪದರಗಳ ವಿಷಯದಲ್ಲಿ ನಿಜ ಹೇಳುತ್ತಾನೆ ಅಂತ ನಂಬುವುದಕ್ಕೆ ಕಾರಣವೇ ಇಲ್ಲ.

ಕಾರ್ಬನ್ ಅನ್ನುವ ವಸ್ತುವಿನ ಬಗ್ಗೆ ಅನುಮಾನ ಬೇಡ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಕೊಳವೆಗಳನ್ನು ಅಲ್ಯೂಮಿನಿಯಂ ಜೋಡಣೆಗಳಿಗೆ ಅಂಟಿಸಿದ ಫ್ರೇಮಿನ ಮೇಲೆ. ಅನುಮಾನ ಪಡಬೇಕಾದದ್ದು ವಸ್ತುವಿನ ಮೇಲಲ್ಲ, ಅದನ್ನು ಜೋಡಿಸಿದ ಕೈ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಫ್ರೇಮಿಗೆ ಬಳಸುವುದು ಪ್ರಿಪ್ರೆಗ್ ಅನ್ನುವ ತೆಳು ಹಾಳೆ. ಕಾರ್ಬನ್ ಎಳೆಗಳನ್ನು ಸಾಲಾಗಿ ಜೋಡಿಸಿ, ಮೊದಲೇ ಎಪಾಕ್ಸಿ ಅನ್ನುವ ಅಂಟು ಹೀರಿಸಿರುತ್ತಾರೆ. ಹೊರಗಿಟ್ಟರೆ ಎಪಾಕ್ಸಿ ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗಾಗಿ ಬಳಸುವ ತನಕ ಫ್ರೀಜರಿನಲ್ಲಿ ಇಡುತ್ತಾರೆ. ಒಂದು ಫ್ರೇಮಿಗೆ ಈ ಹಾಳೆಯನ್ನು ನೂರಾರು ತುಂಡು ಮಾಡಿ, ಒಂದರ ಮೇಲೊಂದು ಕೈಯಿಂದಲೇ ಅಂಟಿಸುತ್ತಾರೆ. ಎಳೆಯನ್ನು ಉದ್ದಕ್ಕೆ ಎಳೆದರೆ ಭಾರೀ ಗಟ್ಟಿ. ಅಡ್ಡಕ್ಕೆ ಎಳೆದರೆ ಬರೀ ಎಪಾಕ್ಸಿಯ ಬಲ, ಅಷ್ಟೇ. ಅದಕ್ಕೇ ಒಂದು ಪದರ ಉದ್ದಕ್ಕೆ, ಇನ್ನೊಂದು 45 ಡಿಗ್ರಿ ಓರೆಗೆ, ಮತ್ತೊಂದು ಅಡ್ಡಕ್ಕೆ. ಆಮೇಲೆ ಅಚ್ಚಿನೊಳಗಿಟ್ಟು, ಒಳಗಿನ ಚೀಲಕ್ಕೆ ಗಾಳಿ ತುಂಬಿ, ಪದರಗಳನ್ನು ಅಚ್ಚಿನ ಗೋಡೆಗೆ ಒತ್ತಿ, ಬಿಸಿ ಮಾಡುತ್ತಾರೆ. ಈಗ ಯೋಚನೆ ಮಾಡಿ. ಬಾಟಮ್ ಬ್ರಾಕೆಟ್, ಅಂದರೆ ಪೆಡಲುಗಳ ನಡುವಿನ ಬೇರಿಂಗ್ ಕೂರುವ ಜಾಗ. ಅದರ ಹತ್ತಿರ ನಾಲ್ಕು ಕೊಳವೆ ಕೂಡುವ ಮೂಲೆ. ಅಲ್ಲಿ ಹಾಳೆ ಸರಿಯಾಗಿ ಹರಡದೆ ಹಾಸಿಗೆಯ ಚಾದರದ ಹಾಗೆ ಮುದುಡಿಕೊಂಡರೆ ಎಳೆ ನೆಟ್ಟಗಿರುವುದಿಲ್ಲ. ಎಳೆ ನೆಟ್ಟಗಿಲ್ಲದ ಕಡೆ ಬಲವಿಲ್ಲ. ಇಲ್ಲವೇ ಒತ್ತಡ ಸಾಲದೆ ಪದರಗಳ ನಡುವೆ ಗಾಳಿ ಗುಳ್ಳೆ ಉಳಿಯಬಹುದು. ಹೊರಗಿನ ಬಣ್ಣದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಮಾರುವವರು ಇದರ ಬಗ್ಗೆ ಮಾತಾಡಲ್ಲ. ಅವರು ಮಾತಾಡುವುದು ಟಿ700, ಟಿ800, ಟಿ1000 ಅಂತ. ಇವು ಜಪಾನಿನ ಟೋರೇ ಕಂಪನಿಯ ಎಳೆಗಳ ಹೆಸರು. ಬಾಗದೆ ನಿಲ್ಲುವ ಗುಣದಲ್ಲಿ ಟಿ700 ಎಳೆ 230 ಗಿಗಾಪಾಸ್ಕಲ್, ಟಿ800 ಎಳೆ 294. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ಯಾವ ಫ್ರೇಮೂ ಪೂರ್ತಿ ಒಂದೇ ಎಳೆಯಿಂದ ಆಗಿರುವುದಿಲ್ಲ. ಎರಡು ತುಂಡು ಟಿ1000 ಸೇರಿಸಿ ಟಿ1000 ಫ್ರೇಮ್ ಅಂದರೆ ತಡೆಯುವವರು ಯಾರು? ಹದವಾಗಿ ಜೋಡಿಸಿದ ಟಿ700 ಫ್ರೇಮ್, ಮುದುಡಿ ಜೋಡಿಸಿದ ಟಿ1000 ಫ್ರೇಮಿಗಿಂತ ಎಷ್ಟೋ ಮೇಲು. 3ಕೆ ಹೆಣಿಗೆಯ ವಿಷಯವಂತೂ ಕೇಳಲೇಬೇಡಿ. ಮೂರು ಸಾವಿರ ಎಳೆಯ ಕಟ್ಟುಗಳಿಂದ ನೇಯ್ದ ಆ ಚೌಕುಳಿ ಪದರ ಹೆಚ್ಚಾಗಿ ಚೆಂದಕ್ಕೆ.

ಟಿ ನಂಬರ್ ಬಿಟ್ಟು ಮಾರುವವರನ್ನು ಕೇಳಬೇಕಾದದ್ದು ಪರೀಕ್ಷೆಯ ವರದಿ. ಸೈಕಲಿನ ಸುರಕ್ಷತೆಗೆ ಐಎಸ್‌ಒ 4210 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ರೇಸಿಂಗ್ ಫ್ರೇಮಾದರೆ ಎರಡೂ ಪೆಡಲಿಗೆ ಸರದಿಯಂತೆ 1100 ನ್ಯೂಟನ್ ಬಲ ಹಾಕಿ, ಅದನ್ನೇ 1,00,000 ಸಲ ಮಾಡುತ್ತಾರೆ. ಮುಂಚಕ್ರ ಹಿಡಿಯುವ ಫೋರ್ಕ್ ಸಮೇತ ಫ್ರೇಮನ್ನು ನಿಲ್ಲಿಸಿ ಮೇಲಿಂದ 22.5 ಕೆಜಿ ತೂಕ ಬೀಳಿಸುತ್ತಾರೆ. ಬಿರುಕು ಬರಬಾರದು, ಮುರಿಯಬಾರದು. ವರದಿ ಕೊಟ್ಟರೆ ಅದರಲ್ಲಿರುವ ಮಾಡೆಲ್ ನಂಬರ್ ನಿಮ್ಮ ಫ್ರೇಮಿನದೇನಾ, ಫೋಟೋ ಅದೇನಾ, ಪರೀಕ್ಷೆ ಮಾಡಿದ್ದು ಹೊರಗಿನ ಲ್ಯಾಬೋ, ಕಾರ್ಖಾನೆಯವರೇನೋ ಅಂತ ನೋಡಿ. ಬೇರೆ ಫ್ರೇಮಿನ ವರದಿ ಕಳಿಸಿ ಸುಮ್ನಾಗಿಸುವವರೂ ಇದ್ದಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯಾದ ಯುಸಿಐನ ಸ್ಟಿಕರ್ ಇದ್ದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. 2011ರಿಂದ ಬಂದ ಆ ಸ್ಟಿಕರ್ ಮುಖ್ಯವಾಗಿ ಹೇಳುವುದು ಫ್ರೇಮಿನ ಆಕಾರ, ಅಳತೆ ರೇಸ್ ನಿಯಮದೊಳಗೆ ಇದೆ ಅಂತ. ಗಟ್ಟಿತನಕ್ಕೆ ಅದು ಜಾಮೀನಲ್ಲ.

ತೂಕದ ಹುಚ್ಚಿನ ಬಗ್ಗೆ ಒಂದೇ ಮಾತು. 2000ದಿಂದ ರೇಸಿನಲ್ಲಿ ಇಡೀ ಸೈಕಲ್ 6.8 ಕೆಜಿಗಿಂತ ಕಡಿಮೆ ಇರುವಂತಿಲ್ಲ. ವೃತ್ತಿಪರರಿಗೇ ಸಾಕಾದದ್ದು ನಮಗೆ ಸಾಲದಾ? ಎರಡು ಫ್ರೇಮುಗಳ ನಡುವೆ ನೂರು ಗ್ರಾಂ ವ್ಯತ್ಯಾಸ ಇದ್ದರೆ ನಾನು ಭಾರದ್ದನ್ನೇ ತಗೋತೀನಿ.

ಸೈಜು. ಇಲ್ಲಿ ತುಂಬಾ ಜನ ಯಾಮಾರುತ್ತಾರೆ. ಒಬ್ಬರ ಎಂ ಇನ್ನೊಬ್ಬರ ಎಸ್. 54 ಅಂತ ಬರೆದ ನಂಬರಿಗೂ ಈಗ ಅರ್ಥವಿಲ್ಲ, ಮೇಲಿನ ಕೊಳವೆ ಇಳಿಜಾರಾದ ಮೇಲೆ ಸೀಟಿನ ಕೊಳವೆಯ ಉದ್ದದಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಸ್ಟಾಕ್ ಮತ್ತು ರೀಚ್. ಬಾಟಮ್ ಬ್ರಾಕೆಟ್‌ನ ನಡುಬಿಂದುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂಭಾಗದ ಗಿಡ್ಡ ಕೊಳವೆಯ) ಮೇಲ್ತುದಿಗೆ ಮೇಲಕ್ಕೆ ಎಷ್ಟು ದೂರ ಅನ್ನುವುದು ಸ್ಟಾಕ್, ಮುಂದಕ್ಕೆ ಎಷ್ಟು ಅನ್ನುವುದು ರೀಚ್. ಈಗ ನೀವು ಆರಾಮಾಗಿ ಓಡಿಸುವ ಸೈಕಲಿನಲ್ಲಿ ಇವೆರಡನ್ನೂ ಟೇಪ್ ಹಿಡಿದು ಅಳೆದು, ಹೊಸ ಫ್ರೇಮಿನ ಪಟ್ಟಿಯ ಜೊತೆ ಇಟ್ಟು ನೋಡಿ. ಓಪನ್ ಮೋಲ್ಡ್ ಫ್ರೇಮುಗಳಲ್ಲಿ ಸ್ಟಾಕ್ ಕಡಿಮೆ ಇರುವ, ಬಗ್ಗಿ ಓಡಿಸುವ ರೇಸ್ ಆಕಾರದವೇ ಜಾಸ್ತಿ. ಸ್ಟಾಕ್ ಸಾಲದಿದ್ದರೆ ಹ್ಯಾಂಡಲ್‌ಬಾರ್ ಹಿಡಿಯುವ ಸ್ಟೆಮ್ ಕೆಳಗೆ ಸ್ಪೇಸರ್ ಬಳೆಗಳನ್ನು ಒಂದರ ಮೇಲೊಂದು ಪೇರಿಸಬೇಕಾಗುತ್ತದೆ. ಕಾರ್ಬನ್ ಸ್ಟೀರರ್‌ಗೆ, ಅಂದರೆ ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆಗೆ, ಅದು ಒಳ್ಳೆಯದಲ್ಲ. 30–40 ಮಿಮೀ ದಾಟಬಾರದು ಅಂತ ಬಹಳಷ್ಟು ತಯಾರಕರು ಹೇಳುತ್ತಾರೆ.

ಸರಿ, ಪೆಟ್ಟಿಗೆ ಬಂತು ಅಂದುಕೊಳ್ಳಿ. ಬಿಡಿಭಾಗ ಜೋಡಿಸುವ ಆತುರ ಬೇಡ. ಒಂದು ಸಂಜೆ ಪೂರ್ತಿ ಬರೀ ನೋಡುವುದಕ್ಕೆ ಇಟ್ಟುಕೊಳ್ಳಿ. ಒಂದು ಬೋಲ್ಟ್ ಹಾಕಿದಿರಿ ಅಂದರೆ ವಾಪಸ್ ತಗೊಳ್ಳಿ ಅಂತ ಕೇಳುವ ದಾರಿ ಮುಚ್ಚಿದ ಹಾಗೆ.

ಬಾಟಮ್ ಬ್ರಾಕೆಟ್ ತೂತಿನಿಂದ, ಹೆಡ್ ಟ್ಯೂಬಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಇನ್ನೂ ವಾಸಿ. ಒಳಮೈ ನಯವಾಗಿ, ಒಂದೇ ಸಮ ಇರಬೇಕು. ಮೂಲೆಯಲ್ಲಿ ಉಬ್ಬಿದ ಮಡಿಕೆ, ಒಣಗಿದ ಎಪಾಕ್ಸಿಯ ಗಡ್ಡೆ, ಹರಿದ ಚೀಲದ ಚೂರು ಕಾಣಬಹುದು. ಚೀಲದ ಚೂರು ಹೆದರುವ ವಿಷಯವಲ್ಲ, ಎಳೆದು ತೆಗೆಯಿರಿ, ಇಲ್ಲದಿದ್ದರೆ ಆಮೇಲೆ ಗಲಗಲ ಅಂತ ತಲೆ ತಿನ್ನುತ್ತದೆ. ಮಡಿಕೆ ಬೇರೆ ವಿಷಯ. ಅದು ಹೆಡ್ ಟ್ಯೂಬಿನಲ್ಲೋ ಬಾಟಮ್ ಬ್ರಾಕೆಟ್ ಸುತ್ತಲೋ ಆಳವಾಗಿ ಕಂಡರೆ ಫೋಟೋ ತೆಗೆದು, ಫ್ರೇಮ್ ವಾಪಸ್ ಮಾಡಿ. ಫೋರ್ಕಿನ ಸ್ಟೀರರ್, ಕಾಲುಗಳು ಕೂಡುವ ಕಡೆ ಇನ್ನೂ ಕಟ್ಟುನಿಟ್ಟಾಗಿ ನೋಡಿ. ಫ್ರೇಮ್ ಕೈ ಕೊಟ್ಟರೆ ಹಲವು ಸಲ ಮೊದಲೇ ಕಿರುಗುಟ್ಟಿ ಸೂಚನೆ ಕೊಡುತ್ತದೆ. ಫೋರ್ಕ್ ಕೈ ಕೊಟ್ಟರೆ ನೀವು ನೇರ ಮುಖ ಅಡಿಯಾಗಿ ನೆಲಕ್ಕೆ.

ಆಮೇಲೆ ನೆಟ್ಟಗಿದೆಯಾ ಅಂತ ನೋಡುವುದು. ಒಂದು ದಾರ ಸಾಕು. ಹಿಂಬದಿಯ ಎಡ ಡ್ರಾಪೌಟಿನಿಂದ (ಚಕ್ರದ ಆಕ್ಸಲ್ ಕೂರುವ ತುದಿಯಿಂದ) ದಾರ ಹೊರಡಿಸಿ, ಹೆಡ್ ಟ್ಯೂಬ್ ಸುತ್ತು ಹಾಕಿಸಿ, ಬಲ ಡ್ರಾಪೌಟಿಗೆ ಬಿಗಿಯಾಗಿ ಕಟ್ಟಿ. ಎರಡೂ ಬದಿಯಲ್ಲಿ ದಾರದಿಂದ ಸೀಟ್ ಟ್ಯೂಬಿಗೆ ಇರುವ ದೂರ ಒಂದೇ ಇರಬೇಕು. ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ಮಿಲಿಮೀಟರ್ ಆದರೆ ಕೆಡಿಸಿಕೊಳ್ಳಿ. ಫೋರ್ಕಿಗೆ ಡಿಸ್ಕ್ ಇಲ್ಲದ ಮುಂಚಕ್ರ ಹಾಕಿ, ರಿಮ್ಮಿನಿಂದ ಎರಡು ಕಾಲಿಗೂ ಇರುವ ಸಂದು ಅಳೆಯಿರಿ. ಚಕ್ರವನ್ನು ಎಡಬಲ ಬದಲಿಸಿ ಮತ್ತೆ ಅಳೆಯಿರಿ. ಸಂದಿನ ವ್ಯತ್ಯಾಸ ಚಕ್ರದ ಜೊತೆ ಬದಿ ಬದಲಿಸಿದರೆ ತಪ್ಪು ಚಕ್ರದ್ದು. ಅದೇ ಬದಿಯಲ್ಲಿ ಉಳಿದರೆ ಫೋರ್ಕಿನದು.

ಈಗ ಬಾಟಮ್ ಬ್ರಾಕೆಟ್. ಹೆಸರಿಲ್ಲದ ಫ್ರೇಮಿನ ಬಗ್ಗೆ ಬರುವ ದೂರುಗಳಲ್ಲಿ ಕಿರ್ ಕಿರ್ ಸದ್ದಿನದೇ ದೊಡ್ಡ ಪಾಲು, ಅದರ ಬೇರು ಸಾಮಾನ್ಯವಾಗಿ ಇಲ್ಲಿರುತ್ತದೆ. ಇಲ್ಲಿ ಎರಡು ಜಾತಿ. ಒಂದು ಥ್ರೆಡ್ ಇರುವುದು. ಬಿಎಸ್‌ಎ ಅಂದರೆ 68 ಮಿಮೀ ಅಗಲ, 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಕಾರ್ಬನ್ ಒಳಗೆ ಅಲ್ಯೂಮಿನಿಯಂ ಕೊಳವೆ ಅಂಟಿಸಿ ಅದರಲ್ಲಿ ಥ್ರೆಡ್ ಹಾಕಿರುತ್ತಾರೆ. ಇನ್ನೊಂದು ಒತ್ತಿ ಕೂರಿಸುವುದು, ಅಂದರೆ ಪ್ರೆಸ್ ಫಿಟ್. ಬಿಬಿ86 ಅನ್ನುವುದಕ್ಕೆ 86.5 ಮಿಮೀ ಅಗಲ, 41 ಮಿಮೀ ತೂತು. ಪಿಎಫ್30ಗೆ 46 ಮಿಮೀ ತೂತು. 47 ಮಿಮೀ ಥ್ರೆಡ್ಡಿನ ಟಿ47 ಕೂಡ ಈಚೆಗೆ ಬರುತ್ತಿದೆ.

ಪ್ರೆಸ್ ಫಿಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ತೂತು ದುಂಡಗಿದ್ದು, ಎರಡೂ ಬದಿಯ ತೂತು ಒಂದೇ ಗೆರೆಯಲ್ಲಿದ್ದರೆ ಅದು ಸದ್ದೇ ಮಾಡುವುದಿಲ್ಲ. ಈ ಎರಡು ಷರತ್ತು ಪಾಲಿಸಲು ಕಾರ್ಖಾನೆ ಮೈಮುರಿದು ಕೆಲಸ ಮಾಡಬೇಕು. ಹಾಗಾಗಿ ಡಿಜಿಟಲ್ ಕ್ಯಾಲಿಪರ್ ಹಿಡಿದು ತೂತಿನ ವ್ಯಾಸವನ್ನು ಮೇಲೆ ಕೆಳಗೆ, ಎಡ ಬಲ, ಎರಡು ಓರೆ, ಹೀಗೆ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಇನ್ನೊಂದು ಬದಿಯಲ್ಲೂ ಅಷ್ಟೇ. ಅಳತೆಗಳ ನಡುವೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ವ್ಯತ್ಯಾಸ ಬಂದರೂ ಸದ್ದು ಬರುವ ಸಾಧ್ಯತೆ ಜಾಸ್ತಿ. ಅಂಥ ಫ್ರೇಮನ್ನು ಇಟ್ಟುಕೊಳ್ಳಲೇಬೇಕು ಅಂದರೆ, ಬೇರಿಂಗ್ ಹಿಡಿಯುವ ಎಡ ಬಲದ ಕಪ್ಪುಗಳು (ಬಟ್ಟಲುಗಳು) ನಡುವೆ ಒಂದಕ್ಕೊಂದು ತಿರುಗಿ ಬಿಗಿಯುವ ಥರದ ಬಾಟಮ್ ಬ್ರಾಕೆಟ್ ಸಿಗುತ್ತದೆ. ಅದು ಫ್ರೇಮಿನ ತೂತನ್ನು ನೆಚ್ಚಿಕೊಳ್ಳದೆ ಬೇರಿಂಗುಗಳನ್ನು ತಾನೇ ಒಂದು ಗೆರೆಯಲ್ಲಿ ಹಿಡಿಯುತ್ತದೆ. ಆಯ್ಕೆ ಇನ್ನೂ ನಿಮ್ಮ ಕೈಯಲ್ಲಿದ್ದರೆ ಥ್ರೆಡ್ ಇರುವ ಫ್ರೇಮನ್ನೇ ತಗೊಳ್ಳಿ. ನೂರು ಗ್ರಾಂ ಹೆಚ್ಚು ತೂಗಿದರೂ ಸರಿ.

ಬಿಎಸ್‌ಎ ಕೂರಿಸುವವರು ನೆನಪಿಟ್ಟುಕೊಳ್ಳಿ, ಬಲಗಡೆಯ ಕಪ್ಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬೇರಿಂಗ್ ಉರುಳುವಾಗ ಕಪ್ಪು ನಿಧಾನವಾಗಿ ಉಲ್ಟಾ ತಿರುಗಲು ನೋಡುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಬೇಕು. ತಿರುಗಲಿಲ್ಲ ಅಂತ ಸ್ಪ್ಯಾನರ್ ಹಾಕಿ ಒತ್ತಿದಿರೋ, ಅಲ್ಯೂಮಿನಿಯಂ ಥ್ರೆಡ್ ಹೋಯಿತು. ಥ್ರೆಡ್ಡಿನೊಳಗೆ ಬಣ್ಣ ಕೂತಿರುತ್ತದೆ, ಟ್ಯಾಪ್ ಹಾಕಿಸಿ ಬಿಡಿಸಿಕೊಳ್ಳಿ. ಗ್ರೀಸು ಧಾರಾಳವಾಗಿ.

ಹೆಡ್‌ಸೆಟ್ ಅಂದರೆ ಫೋರ್ಕ್ ತಿರುಗಲು ಹೆಡ್ ಟ್ಯೂಬಿನಲ್ಲಿರುವ ಬೇರಿಂಗುಗಳು. ಅದರಲ್ಲಿ ಆಗುವ ತಪ್ಪು ಸದ್ದಿಲ್ಲದ್ದು, ಹಾಗಾಗಿ ಇನ್ನೂ ಅಪಾಯ. ಈ ಫ್ರೇಮುಗಳಲ್ಲಿ ಬೇರಿಂಗ್ ಕೂರುವ ಜಾಗ ಫ್ರೇಮಿನಲ್ಲೇ ಎರಕವಾಗಿರುತ್ತದೆ, ಪ್ರತ್ಯೇಕ ಕಪ್ಪು ಇರುವುದಿಲ್ಲ. ಬೇರಿಂಗಿನ ಅಂಚಿನ ಕೋನ ಕೆಲವದರಲ್ಲಿ 45 ಡಿಗ್ರಿ, ಕೆಲವದರಲ್ಲಿ 36. ಬೇರಿಂಗಿನ ಪಕ್ಕದಲ್ಲೇ 36×45 ಅಂತಲೋ 45×45 ಅಂತಲೋ ಸಣ್ಣಕ್ಕೆ ಕೆತ್ತಿರುತ್ತಾರೆ. ವ್ಯಾಸ ಹೊಂದಿತು ಅಂತ ಬೇರೆ ಕೋನದ್ದನ್ನು ಹಾಕಿದರೆ ಅದು ಇಡೀ ಮುಖದ ಮೇಲೆ ಕೂರದೆ ಒಂದು ಗೆರೆಯ ಮೇಲೆ ಮಾತ್ರ ಕೂರುತ್ತದೆ. ಆ ಗೆರೆ ದಿನಕ್ಕಿಷ್ಟು ಕಾರ್ಬನ್ ತಿನ್ನುತ್ತಾ ಹೋಗುತ್ತದೆ. ಬೇರಿಂಗ್ ಬದಲಿಸಬಹುದು, ಸವೆದ ಫ್ರೇಮನ್ನು ಏನು ಮಾಡುತ್ತೀರಿ? ಫ್ರೇಮಿನ ಜೊತೆ ಬಂದ ಬೇರಿಂಗಿನ ನಂಬರನ್ನು ಕೂರಿಸುವ ಮೊದಲೇ ಬರೆದಿಡಿ.

ಸ್ಟೀರರ್ ಕತ್ತರಿಸುವುದಕ್ಕೆ ಎಲ್ಲರೂ ಹೆದರುತ್ತಾರೆ. ಹೆದರಬೇಕು ಕೂಡ. ಮೊದಲು ಕತ್ತರಿಸದೆ ಎಲ್ಲ ಜೋಡಿಸಿ, ಸ್ಪೇಸರ್ ಮೇಲೆ ಕೆಳಗೆ ಮಾಡಿ, ಒಂದಷ್ಟು ದಿನ ಓಡಿಸಿ ಎತ್ತರ ಗೊತ್ತು ಮಾಡಿಕೊಳ್ಳಿ. ಹೊರಗಡೆ ಸ್ಟೀರರ್ ಕೊಂಬಿನ ಹಾಗೆ ಎದ್ದು ನಿಂತಿದ್ದರೆ ನಗುವವರು ನಗಲಿ. ಕತ್ತರಿಸುವಾಗ ಗೆರೆಯ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ, ಇಂಚಿಗೆ 32 ಹಲ್ಲಿನ ಹೊಸ ಹ್ಯಾಕ್ಸಾ ಬ್ಲೇಡ್ ಬಳಸಿ. ಕೊಳವೆ ಕತ್ತರಿಸುವ ಉರುಳು ಕಟ್ಟರ್ ಬೇಡವೇ ಬೇಡ, ಅದು ಕತ್ತರಿಸುವುದಿಲ್ಲ, ಎಳೆಗಳನ್ನು ಜಜ್ಜುತ್ತದೆ. ಒಂದೇ ಕಡೆಯಿಂದ ಕೊನೆಯ ತನಕ ಕೊಯ್ದರೆ ಕೊನೆಯಲ್ಲಿ ಸಿಬಿರು ಏಳುತ್ತದೆ, ಸ್ಟೀರರ್ ತಿರುಗಿಸುತ್ತಾ ಸುತ್ತಲಿಂದ ಕೊಯ್ಯಿರಿ. ನೀರು ಚಿಮುಕಿಸುತ್ತಾ ಇರಿ, ಮಾಸ್ಕ್ ಹಾಕಿಕೊಳ್ಳಿ. ಆ ಕರಿ ಧೂಳು ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ. ಸ್ಟೆಮ್ ಮೇಲೆ 5 ಮಿಮೀ ಸ್ಪೇಸರ್ ಒಂದು ಕೂರುವಷ್ಟು ಉದ್ದ ಬಿಡಿ, ಆಗ ಸ್ಟೆಮ್ಮಿನ ಹಿಡಿತ ಪೂರ್ತಿ ಕೊಳವೆಯ ಮೇಲೆ ಬೀಳುತ್ತದೆ. ಒಳಗೆ ಹಾಕುವುದು ಹಿಗ್ಗುವ ಪ್ಲಗ್, ಉಕ್ಕಿನ ಸ್ಟೀರರ್‌ಗೆ ಹೊಡೆಯುವ ಸ್ಟಾರ್ ನಟ್ ಅಲ್ಲ. ಅದು ಕಾರ್ಬನ್ ಒಳಮೈಯನ್ನು ಸೀಳುತ್ತದೆ.

ಇನ್ನು ಕೇಬಲ್. ಈಗಿನ ಫ್ರೇಮುಗಳಲ್ಲಿ ಬ್ರೇಕಿನ ಹೋಸ್ (ಎಣ್ಣೆ ಹರಿಯುವ ತೆಳು ಕೊಳವೆ) ಹ್ಯಾಂಡಲ್‌ಬಾರಿನೊಳಗೆ ಹೊಕ್ಕು, ಸ್ಟೆಮ್ ಕೆಳಗೆ ಇಳಿದು, ಮೇಲಿನ ಹೆಡ್‌ಸೆಟ್ ಬೇರಿಂಗಿನ ನಡುವಿನಿಂದ ನುಸುಳಿ, ಫ್ರೇಮಿನೊಳಗೆ ಹೋಗಿ, ಹಿಂಚಕ್ರದ ಕಡೆ ಹೋಗುವ ಚೈನ್‌ಸ್ಟೇ ಕೊಳವೆಯ ತುದಿಯಲ್ಲಿ ಹೊರಬರುತ್ತದೆ. ನೋಡಲು ಬಲು ಚೆಂದ. ಆದರೆ ಮುಂದೆ ಆ ಬೇರಿಂಗ್ ತುಕ್ಕು ಹಿಡಿದು ಬದಲಿಸಬೇಕಾದಾಗ ಬ್ರೇಕ್ ಹೋಸ್ ಬಿಚ್ಚಿ, ಎಣ್ಣೆ ತೆಗೆದು, ಎಲ್ಲ ಮತ್ತೆ ಮೊದಲಿಂದ. ಇಷ್ಟೊಂದು ಪೀಕಲಾಟ ಚೆಂದಕ್ಕಾಗಿ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಡೌನ್ ಟ್ಯೂಬಿನ (ಕೆಳಗಿನ ಓರೆ ಕೊಳವೆಯ) ಪಕ್ಕದಿಂದ ಕೇಬಲ್ ಒಳಹೋಗುವ ಹಳೆಯ ರೀತಿಯ ಫ್ರೇಮ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ತಂತಿ ಕೇಬಲಿನ ಗೇರ್ ಹಾಕುವವರಂತೂ ಪೂರ್ತಿ ಒಳಗೆ ಹೋಗುವ ಫ್ರೇಮ್ ತಗೊಳ್ಳಲೇಬೇಡಿ. ತಿರುವು ಜಾಸ್ತಿಯಾದಷ್ಟೂ ಗೇರ್ ಜಿಗುಟುತ್ತದೆ. ಎಲೆಕ್ಟ್ರಾನಿಕ್ ಗೇರಿಗೆ ಆ ತಾಪತ್ರಯ ಇಲ್ಲ.

ಹೋಸ್ ಎಳೆಯುವ ಕೆಲಸವನ್ನು ಬಾಟಮ್ ಬ್ರಾಕೆಟ್ ಕೂರಿಸುವ ಮೊದಲೇ ಮುಗಿಸಿಕೊಳ್ಳಿ. ಆ ತೂತೇ ನಿಮಗೆ ಕಿಟಕಿ. ಹೋಸ್ ಅಲ್ಲಿ ಬಂದು ಸಿಕ್ಕಿಹಾಕಿಕೊಂಡರೆ ಬೆರಳು ಹಾಕಿ ದಾರಿ ತೋರಿಸಬಹುದು. ಮೊದಲು ತೆಳು ದಾರ ದಾಟಿಸಿಕೊಳ್ಳಿ. ಒಂದು ತೂತಿನಲ್ಲಿ ದಾರದ ತುದಿ, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರ್, ಉಳಿದ ತೂತುಗಳಿಗೆ ಟೇಪ್. ದಾರ ಪಟ್ಟಂತ ಹೊರಬರುತ್ತದೆ. ಡೌನ್ ಟ್ಯೂಬಿನೊಳಗಿನ ಹೋಸಿಗೆ ಫೋಮ್ ತೋಳು ಹಾಕಿ, ಇಲ್ಲದಿದ್ದರೆ ಕೆಟ್ಟ ರಸ್ತೆಯಲ್ಲಿ ಟಕಟಕ ಬಡಿಯುತ್ತದೆ. ಮುಂದಿನ ಬ್ರೇಕ್ ಎಡಗೈಗೋ ಬಲಗೈಗೋ ಅನ್ನುವುದನ್ನು ಹೋಸ್ ಕತ್ತರಿಸುವ ಮೊದಲೇ ತೀರ್ಮಾನಿಸಿ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್. ಅದರ ಜಾಗಕ್ಕೆ ಬೇರೆ ಬ್ರೇಕುಗಳಿಗೆ ಹಾಕುವ ಡಾಟ್ ಫ್ಲೂಯಿಡ್ ಹಾಕಿದರೆ ಒಳಗಿನ ಸೀಲುಗಳು ಹಾಳು.

ಚಕ್ರ, ಕ್ಯಾಸೆಟ್, ಚೈನು, ಬಾರ್ ಟೇಪ್ ಎಲ್ಲ ಬೇರೆ ಯಾವ ಸೈಕಲಿಗೆ ಹಾಕಿದ ಹಾಗೆಯೇ ಇಲ್ಲೂ. ಅದನ್ನು ಇಲ್ಲಿ ಹೇಳಿ ನಿಮ್ಮ ಸಮಯ ತಿನ್ನುವುದಿಲ್ಲ. ಟೈರ್ ಮಾತ್ರ ನಿಜವಾಗಿ ಹಾಕಿ ನೋಡಿ. 32 ಮಿಮೀ ಟೈರ್ ಹಿಡಿಯುತ್ತದೆ ಅಂತ ಪಟ್ಟಿಯಲ್ಲಿ ಬರೆದಿದ್ದರೂ, ಅಗಲ ರಿಮ್ಮಿನ ಮೇಲೆ ಅದೇ ಟೈರ್ ಒಂದೆರಡು ಮಿಲಿಮೀಟರ್ ಉಬ್ಬಿಕೊಳ್ಳುತ್ತದೆ. ಎಲ್ಲ ಕಡೆ 4 ಮಿಮೀ ಆದರೂ ಸಂದು ಉಳಿಯಬೇಕು.

ಬಿಗಿಯುವ ವಿಷಯದಲ್ಲಿ ಟಾರ್ಕ್ ರೆಂಚ್ ಇಲ್ಲದೆ ಕೂರಲೇಬೇಡಿ. ಉಕ್ಕಾದರೆ ಜಾಸ್ತಿ ಬಿಗಿದರೂ ಸ್ವಲ್ಪ ಬಗ್ಗಿ ಹೊಂದಿಕೊಳ್ಳುತ್ತದೆ. ಕಾರ್ಬನ್ ಬಗ್ಗಲ್ಲ, ಒಳಗೊಳಗೇ ಪದರ ಬಿಟ್ಟುಕೊಳ್ಳುತ್ತದೆ. ಸ್ಟೆಮ್, ಸೀಟ್‌ಪೋಸ್ಟ್ ಹಿಡಿತಕ್ಕೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಆ ಬಿಡಿಭಾಗದ ಮೇಲೆ ಬರೆದದ್ದೇ ಅಂತಿಮ. ಎರಡು ಬೋಲ್ಟ್ ಇದ್ದರೆ ಒಂದನ್ನೇ ಪೂರ್ತಿ ಬಿಗಿಯದೆ ಇದಿಷ್ಟು ಅದಿಷ್ಟು ಅಂತ ಸರದಿಯಲ್ಲಿ ಬಿಗಿಯಿರಿ. ಹೆಡ್‌ಸೆಟ್ ಮೇಲಿನ ಟಾಪ್ ಕ್ಯಾಪ್ ಬೋಲ್ಟ್ ಬರೀ ಸಡಿಲ ತೆಗೆಯುವುದಕ್ಕೆ. ಫೋರ್ಕನ್ನು ಹಿಡಿದಿಡುವುದು ಸ್ಟೆಮ್ಮಿನ ಬೋಲ್ಟ್. ಕಾರ್ಬನ್ ಸೀಟ್‌ಪೋಸ್ಟ್ ಜಾರಿದರೆ ಇನ್ನೂ ಬಿಗಿಯುವುದಲ್ಲ, ಮರಳು ಮರಳಾಗಿರುವ ಕಾರ್ಬನ್ ಪೇಸ್ಟ್ ಸವರುವುದು. ಅಲ್ಲಿಗೆ ಗ್ರೀಸು ಹಾಕಬಾರದು. ಸೈಕಲ್ ಸ್ಟ್ಯಾಂಡಿಗೆ ಕಚ್ಚಿಸುವಾಗ ಸೀಟ್‌ಪೋಸ್ಟ್ ಹಿಡಿಸಿ, ಟಾಪ್ ಟ್ಯೂಬನ್ನಲ್ಲ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: "ಗೇರ್ ಎಷ್ಟು ಸರಿ ಮಾಡಿದರೂ ಹೊಂದುತ್ತಿಲ್ಲ ಸರ್, ಹೊಸ ಫ್ರೇಮ್, ಹೊಸ ಡಿರೈಲರ್. ಏನಿರಬಹುದು?"

ಮೊದಲು ಹ್ಯಾಂಗರ್ ನೋಡಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರ್ ತೂಗುವ ಆ ಪುಟ್ಟ ಅಲ್ಯೂಮಿನಿಯಂ ತುಂಡು ಹೊಸದರಲ್ಲೇ ಸೊಟ್ಟ ಇರಬಹುದು. ಅಲೈನ್‌ಮೆಂಟ್ ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ನೆಟ್ಟಗೆ ಮಾಡಿಸಿ, ಆಮೇಲೆ ಸ್ಕ್ರೂ ತಿರುಗಿಸಿ. ಅಂದ ಹಾಗೆ, ಫ್ರೇಮ್ ಕೊಳ್ಳುವಾಗಲೇ ಇನ್ನೆರಡು ಹ್ಯಾಂಗರ್ ಜೊತೆಗೆ ತರಿಸಿಕೊಳ್ಳಿ. ಎರಡು ವರ್ಷ ಬಿಟ್ಟು ಆ ಅಚ್ಚು ನಿಂತುಹೋದರೆ, ಅಂಗೈಯಗಲದ ತುಂಡೊಂದು ಸಿಗದೆ ಇಡೀ ಸೈಕಲ್ ಮೂಲೆ ಸೇರುತ್ತದೆ. 2019ರಲ್ಲಿ ಬಿಡಿಭಾಗದ ಕಂಪನಿ ಎಸ್‌ಆರ್‌ಎಎಂ ತಂದ, ಎಲ್ಲ ಬ್ರಾಂಡಿಗೂ ಒಂದೇ ಆಕಾರದ ಯುಡಿಎಚ್ ಹ್ಯಾಂಗರ್ ಹಿಡಿಯುವ ಫ್ರೇಮಾದರೆ ಈ ಚಿಂತೆ ಇಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಆಕ್ಸಲಿಗೂ ಹೀಗೇ. ನೋಡಲು ಎಲ್ಲವೂ 12 ಮಿಮೀ, ಆದರೆ ಥ್ರೆಡ್ಡಿನ ಅಂತರ 1.0, 1.5, 1.75 ಅಂತ ಬೇರೆ ಬೇರೆ. ನಿಮ್ಮದು ಯಾವುದು ಅಂತ ಬರೆದಿಡಿ.

ಇನ್ನೊಬ್ಬರು: "ಬಿದ್ದರೆ? ಒಳಗೆ ಒಡೆದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?"

ನಾಣ್ಯದಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಿಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಸದ್ದು ಮಂಕಾಗಿ ಡಬ್ ಅನ್ನುತ್ತದೆ. ಕೊಳವೆಯ ದಪ್ಪ ಬದಲಾಗುವ ಕಡೆಯೂ ಸದ್ದು ಬದಲಾಗುತ್ತದೆ, ಹಾಗಾಗಿ ಎಡ ಬಲ ಎರಡೂ ಬದಿಯಲ್ಲಿ ಅದೇ ಜಾಗ ತಟ್ಟಿ ಹೋಲಿಸಿ. ಹೊಸ ಫ್ರೇಮ್ ಬಂದ ದಿನವೇ ಒಮ್ಮೆ ತಟ್ಟಿ ಕೇಳಿಸಿಕೊಂಡಿದ್ದರೆ ಆಮೇಲೆ ಹೋಲಿಸಲು ಸುಲಭ. ಅನುಮಾನ ಫ್ರೇಮಿನ ಮೇಲಾದರೆ ಕಾರ್ಬನ್ ರಿಪೇರಿ ಮಾಡುವವರ ಹತ್ತಿರ ಒಯ್ದು ತೋರಿಸಿ, ಕೊಳವೆಯ ನಡುಭಾಗವಾದರೆ ಸರಿ ಮಾಡಿಕೊಡುತ್ತಾರೆ. ಫೋರ್ಕಿನ ಮೇಲಾದರೆ ಚರ್ಚೆಯೇ ಬೇಡ, ಬದಲಿಸಿ. ಬೀಳದಿದ್ದರೂ ವರ್ಷಕ್ಕೊಮ್ಮೆ ಫೋರ್ಕ್ ಹೊರಗೆಳೆದು ಸ್ಟೆಮ್ ಹಿಡಿದಿದ್ದ ಜಾಗ, ಕೆಳಗಿನ ಬೇರಿಂಗ್ ಕೂತಿದ್ದ ಜಾಗ ಎರಡನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬಣ್ಣದ ಮೇಲಿನ ಗೀರು ಸರಿ. ಉಗುರು ತಾಗಿ ನಿಲ್ಲುವ ಗೆರೆ ಕಂಡರೆ ಆ ಫೋರ್ಕನ್ನು ಮತ್ತೆ ಹಾಕಬೇಡಿ.